ಹೆಣದ ಹುಳ ದಿನಾ ಹೇಳ್ತಾವ ಖರೇ, ಆದ್ರ ಅವು ಏನ್ ತಿಂದಾವ ಅಂತ ಮೊದಲ ಕೇಳ್ರಿ

ಕಲಘಟಗಿ ಕಡೆ ಕಾಡಿನ್ಯಾಗೋ, ಶಿಗ್ಗಾಂವಿ ಹತ್ರ ಯಾವುದರ ಹೊಲದ ಬದುವಿನ್ಯಾಗೋ ಒಂದ್ ಹೆಣ ಸಿಕ್ತು ಅಂತ ತಿಳ್ಕೋರಿ. ಪೊಲೀಸ್ರು ಬರ್ತಾರ, ಪಂಚನಾಮಿ ಆಗ್ತೈತಿ, ಎಲ್ಲಾರೂ ಕೇಳೂ ಮೊದಲ್ನೇ ಪ್ರಶ್ನಿ ಯಾರಂವ ಅಂತ, ಎರಡನೇದು ಸತ್ತು ಎಷ್ಟ ದಿನಾ ಆತು ಅಂತ. ಒಂದಿನದೊಳಗ ಸಿಕ್ರ ಡಾಕ್ಟ್ರು ಮೈಯಾಗಿನ ಬಿಸಿ, ಕೈಕಾಲು ಸೆಟದದ್ದು, ರಕ್ತ ಕೆಳಗಿಳದು ಬಿದ್ದ ಕಲೆ ಇಂಥಾವೆಲ್ಲಾ ನೋಡಿ ಸುಮಾರ ಟೈಮ್ ಹೇಳ್ತಾರ. ಮೂರ್ ದಿನ ದಾಟ್ತು ಅಂದ್ರ ಅವು ಯಾವೂ ಅಷ್ಟ್ ಕೆಲಸಕ್ಕ ಬರಂಗಿಲ್ಲ. ಆವಾಗ ಉಳಿಯೂ ಸಾಕ್ಷಿ ಅಂದ್ರ ಎಲ್ಲಾರೂ ಮೂಗ ಮುಚ್ಕೊಂಡು ದೂರ ಸರಿಯೂ ಹುಳಾನ.

ಇದು ಫೊರೆನ್ಸಿಕ್ ಎಂಟಮಾಲಜಿ, ಅಂದ್ರ ಹುಳ ನೋಡಿ ಸತ್ತ ದಿನಾ ಲೆಕ್ಕ ಹಾಕೂ ವಿಷಯ, ಭಾಳ ಮಂದಿಗೆ ಇಷ್ಟರ ತನಕ ಗೊತ್ತೈತಿ, ಕ್ರೈಮ್ ಸೀರಿಯಲ್ ನೋಡಿ ನೋಡಿ. ಸೀರಿಯಲ್ಲಿನ್ಯಾಗ ತೋರ್ಸದ ಇರೂದು ಏನಪಾ ಅಂದ್ರ, ಸತ್ತವ ಸಾಯೂ ಮೊದ್ಲ ಏನರ ಡ್ರಗ್ಸ್ ತಗೊಂಡಿದ್ರ, ವಿಷ ಕುಡದಿದ್ರ, ಅಷ್ಟ್ ಯಾಕ, ದಿನಾ ನಿದ್ದಿ ಗುಳಿಗಿ ನುಂಗಾಂವ ಆಗಿದ್ರೂ ಅದೆಲ್ಲಾ ಅವನ ಮೈ ತಿಂದ ಹುಳದ ಹೊಟ್ಟಿಗೆ ಹೋಗ್ತೈತಿ, ಹೋಗಿ ಹುಳದ ಬೆಳವಣಗಿನ ಹಿಂದ ಮುಂದ ಮಾಡ್ತೈತಿ, ಹುಳ ನೋಡಿ ನಾವ್ ಹೇಳೂ ದಿನಾನೂ ಅದರ ಜೊತಿಗೆ ತಪ್ತೈತಿ. ಇದನ್ನ ಓದೂ ಶಾಖೆಗೆ ಎಂಟಮೊಟಾಕ್ಸಿಕಾಲಜಿ ಅಂತಾರ. ಹೆಸರ್ ಉದ್ದ ಐತಿ, ಒಳಗಿನ ಮಾತು ಸಣ್ಣದು.

ಮೊದ್ಲ ನೊಣ ಯಾವದು ಅಂತ ನೋಡೂಣು. ಮನಿಯಾಗ ಚಾದ ಕಪ್ ಮ್ಯಾಲ ಕೂಡೂ ಬೂದಿ ಬಣ್ಣದ ನೊಣ ಅಲ್ಲ. ಹುಬ್ಬಳ್ಳಿ ಗಣೇಶಪೇಟಿ ಮೀನ ಮಾರ್ಕೆಟ್ಟಿಗೆ ಹೋದ್ರ ಹಸರು ನೀಲಿ ಮಿಂಚೂ ದಪ್ಪ ನೊಣ, ಕೆಂಪು ಕಣ್ಣಿಂದು ಕಾಣ್ತೈತಲ್ಲಾ, ಅದು. ಬ್ಲೋ ಫ್ಲೈ. ನಮ್ಮ ದೇಶದಾಗ ಹೆಚ್ಚಿಗಿ ಸಿಗೂದು ಕ್ರೈಸೊಮಿಯಾ ಮೆಗಾಸೆಫಾಲಾ, ಕ್ರೈಸೊಮಿಯಾ ರುಫಿಫೇಸಿಸ್ ಅನ್ನೂ ಎರಡು ಜಾತಿ, ತಂಪಿನ ಕಡೆ ಲುಸಿಲಿಯಾ, ಕ್ಯಾಲಿಫೊರಾ ಜಾತಿಯವೂ ಸಿಗ್ತಾವ. ಹಗಲಾಗಿದ್ದು, ಹೆಣ ಬಯಲಾಗಿದ್ರ ಇವು ಸ್ವಲ್ಪ ಹೊತ್ತಿನ್ಯಾಗ ಹಾಜರ್. ಕಣ್ಣಿನ ಅಂಚು, ಮೂಗು, ಬಾಯಿ, ಗಾಯ ಇದ್ರ ಗಾಯ, ಎಲ್ಲಿ ಹಸಿ ಐತೋ ಅಲ್ಲಿ ನೂರಾರು ತತ್ತಿ ಇಡ್ತಾವ. ಬಿಸಲಿದ್ರ ಒಂದಿನಾ ತುಂಬೂದ್ರಾಗ ತತ್ತಿ ಒಡದು ಹುಳ ಬರ್ತಾವ. ಹುಳಕ್ಕ ಮೂರು ಹಂತ, ಎರಡ್ ಸರ್ತಿ ಪೊರಿ ಬಿಡ್ತೈತಿ, ಮೂರನೇ ಹಂತದಾಗ ಹೊಟ್ಟಿ ಬಿರಿಯೂಹಂಗ ತಿಂದು, ಆಮ್ಯಾಲ ತಿನ್ನೂದು ಬಿಟ್ಟು ಹೆಣದಿಂದ ಇಳದು ಮಣ್ಣಾಗ ಹೊಕ್ಕು ಕಂದು ಬಣ್ಣದ ಕೋಶ ಆಗ್ತೈತಿ, ಕೋಶದಾಗಿಂದ ನೊಣ ಹೊರಗ ಬರ್ತೈತಿ. ನಮ್ಮ ಕಡೆ ಬ್ಯಾಸಗಿ ಸೆಕಿಯಾಗ ಇದೆಲ್ಲಾ ಸುಮಾರ ಹತ್ ದಿನದ ಆಟ.

ಹಂತ ಗುರ್ತ ಹಿಡಿಯೂದು ಹೆಂಗ ಅಂದ್ರ ಮಜಾ ಐತಿ. ಹುಳದ ದಪ್ಪನ ತುದಿಯಾಗ ಎರಡು ಕಂದು ಚುಕ್ಕಿ ಕಾಣ್ತಾವ, ನೋಡಿದವ್ರೆಲ್ಲಾ ಅವ್ ಕಣ್ಣು ಅಂತಾರ, ಅದು ಹುಳದ ಹಿಂಭಾಗ, ಚುಕ್ಕಿ ಅಂದ್ರ ಉಸಿರಾಡೂ ತೂತು. ಹೆಣದ ರಸದಾಗ ತಲಿ ಮುಳುಗಿಸಿ ತಿನ್ನೂದ್ರಿಂದ ಉಸಿರು ಹಿಂದಿಂದ ತಗೋಬೇಕಾಗ್ತೈತಿ. ಮೈಕ್ರೋಸ್ಕೋಪಿನ್ಯಾಗ ಇಟ್ರ ಪ್ರತಿ ಚುಕ್ಕಿಯೊಳಗ ಸೀಳು ಕಾಣ್ತಾವ, ಎರಡು ಸೀಳಿದ್ರ ಎರಡನೇ ಹಂತ, ಮೂರಿದ್ರ ಮೂರನೇ ಹಂತ. ಮೂರನೇ ಹಂತದಾಗ ಚರ್ಮದ ಒಳಗ ಕಪ್ಪಗ ಒಂದು ಚೀಲ ಕಾಣ್ತೈತಿ, ತಿಂದದ್ದು ತುಂಬ್ಕೊಂಡ ಚೀಲ, ಅದು ಸಣ್ಣಾಗ್ತಾ ಹೋತು ಅಂದ್ರ ಹುಳ ಊಟಾ ಮುಗಿಸಿ ಹೊರಡೂ ತಯಾರಿಯಾಗ ಐತಿ ಅಂತ. ಎಂಎಸ್ಸಿ ಓದೂವಾಗ ಕೋಳಿ ಲಿವರ್ ಡಬ್ಬಿಯಾಗಿಟ್ಟು ಇವನ್ನ ಸಾಕಿದ್ದೆ, ಹಾಸ್ಟೆಲ್ ಮಂದಿ ಬೈದದ್ದು ಬ್ಯಾರೆ ಕತಿ.

ಈಗ ದಿನದ ಲೆಕ್ಕ. ಹುಳಕ್ಕ ನಮ್ಮಂಗ ಮೈಯಾಗ ಒಂದ ಬಿಸಿ ಅಂತ ಇರಂಗಿಲ್ಲ, ಹೊರಗ ಸೆಕಿ ಇದ್ರ ಲಗೂನ ಬೆಳೀತೈತಿ, ಥಂಡಿ ಇದ್ರ ತಡಾ ಮಾಡ್ತೈತಿ. ಹಂಗಾಗಿ ಗಂಟಿ ಎಣಿಸಿದ್ರ ಸಾಲಂಗಿಲ್ಲ, ಗಂಟಿ ಮತ್ತ ಉಷ್ಣತಾ ಎರಡೂ ಗುಣಿಸಿ ಎಣಸಬೇಕು, ಅದಕ್ಕ ಡಿಗ್ರಿ ಅವರ್ಸ್ ಅಂತಾರ. ಲೆಕ್ಕಕ್ಕಂತ ಹಿಡೀರಿ, ಹತ್ ಡಿಗ್ರಿ ಕೆಳಗ ಹುಳ ಬೆಳಿಯೂದಿಲ್ಲ, ಒಂದ್ ಹಂತ ಮುಟ್ಟಾಕ 1800 ಡಿಗ್ರಿ ಅವರ್ಸ್ ಬೇಕು. ಸರಾಸರಿ 28 ಡಿಗ್ರಿ ಇದ್ರ ಗಂಟಿಗೆ 18 ಸಿಗ್ತಾವ, 100 ಗಂಟಿ ಸಾಕು, ನಾಕ್ ದಿನದ ಮ್ಯಾಲ ಸ್ವಲ್ಪ. ಸರಾಸರಿ 22 ಇದ್ರ ಗಂಟಿಗೆ 12, ಆವಾಗ 150 ಗಂಟಿ ಬೇಕು, ಆರ್ ದಿನಾ ದಾಟ್ತೈತಿ. ಹುಳ ಒಂದ, ಸೈಜ್ ಒಂದ, ಉತ್ತರದಾಗ ಎರಡ್ ದಿನದ ಫರಕ. ಧಾರವಾಡದ ಮಳಿಗಾಲದ ಥಂಡಿಗೂ ಗದಗಿನ ಬಿಸಲಿಗೂ ಎಷ್ಟ್ ಫರಕ ಅಂತ ಇಲ್ಲಿಯವರಿಗೆ ಹೇಳೂದ ಬ್ಯಾಡ. ಅದಕ್ಕ ಹತ್ರದ ಹವಾಮಾನ ಕೇಂದ್ರದ ಲೆಕ್ಕ ತರಸ್ತಾರ, ಹೆಣ ಸಿಕ್ಕ ಜಾಗದಾಗೂ ಒಂದಷ್ಟ್ ದಿನಾ ಥರ್ಮಾಮೀಟರ್ ಇಟ್ಟು ಎರಡನ್ನೂ ಹೊಂದಿಸಿ ನೋಡ್ತಾರ. ಇಷ್ಟ್ ಮಾಡಿದ ಮ್ಯಾಲೂ ಬರೂದು ಸತ್ತ ಟೈಮ್ ಅಲ್ಲ, ನೊಣ ತತ್ತಿ ಇಟ್ಟ ಟೈಮ್, ಅಂದ್ರ ‘ಸತ್ತು ಕಮ್ಮೀತಕಮ್ಮಿ ಇಷ್ಟ್ ದಿನಾ ಆಗೇತಿ’ ಅನ್ನೂ ಉತ್ತರ.

ಎತ್ತರ ನೋಡಿ ಹುಡಗನ ವಯಸ್ಸು ಹೇಳಿದಂಗ ಇದು. ಮನಿಯಾಗ ಹಾಲು ಬೆಣ್ಣಿ ಜಗ್ಗಿ ಇದ್ದು ಲಗೂ ಬೆಳದ ಹುಡಗನ ನೋಡಿ ವಯಸ್ಸು ಜಾಸ್ತಿ ಹೇಳ್ತೀವಿ, ಸದಾ ಜಡ್ಡಿನ್ಯಾಗಿದ್ದ ಹುಡಗನ ನೋಡಿ ಕಮ್ಮಿ ಹೇಳ್ತೀವಿ. ಡ್ರಗ್ಸ್ ಹುಳಕ್ಕ ಮಾಡೂದು ಈ ಎರಡ್ರಾಗ ಒಂದನ್ನ, ಒಮ್ಮೊಮ್ಮೆ ಮೊದ್ಲ ಒಂದು ಆಮ್ಯಾಲ ಇನ್ನೊಂದು.

ಇದನ್ನ ಮೊದಲಿಗೆ ಜೋರಾಗಿ ಹಿಡದು ಕುಂತಾವ್ರು ಹವಾಯಿ ಯುನಿವರ್ಸಿಟಿಯ ಎಂ. ಲೀ ಗಾಫ್ ಮತ್ತ ಅವರ ಜೊತಿಯವ್ರು, 1980ರ ದಶಕದ ಕೊನಿಗೆ. ಮೊಲಕ್ಕ ಲೆಕ್ಕದ ಪ್ರಕಾರ ಔಷಧ ಕೊಡೂದು, ಸಾಯದಷ್ಟು ಒಂದಕ್ಕ, ಅರ್ಧ ಪ್ರಾಣಿ ಸಾಯೂ ಡೋಸ್ ಒಂದಕ್ಕ, ಅದರ ಡಬಲ್ ಇನ್ನೊಂದಕ್ಕ, ಏನೂ ಕೊಡದ್ದು ಒಂದು, ಆಮ್ಯಾಲ ಅವುಗಳ ಲಿವರಿನ ಮ್ಯಾಲ ಹುಳ ಬಿಟ್ಟು ಹಗಲು ರಾತ್ರಿ ಅಳಿಯೂದು. ಬರೇ ಅಂಗಡಿ ಮಾಂಸಕ್ಕ ಪುಡಿ ಬೆರಸಿದ್ರ ಆಗೂದಿಲ್ಲೇನು ಅಂತ ಕೇಳಬಹುದು, ಮಾಡ್ತಾರ ಹಂಗೂ, ಆದ್ರ ಜೀವಂತ ಮೈಯೊಳಗ ಹೋದ ಔಷಧ ಒಡದು ಬ್ಯಾರೆ ಆಗ್ತೈತಿ. ಹೆರಾಯಿನ್ ತಗೊಂಡವನ ಮೈಯಾಗ ಲಗೂನ ಅದು ಮಾರ್ಫಿನ್ ಆಗ್ತೈತಿ, ಹುಳ ತಿನ್ನೂದು ಆ ಮಾರ್ಫಿನ್ನ. ಪುಡಿ ಬೆರಸಿದ ಮಾಂಸದಾಗ ಈ ಆಟ ಇರಂಗಿಲ್ಲ.

ಕೊಕೇನಿಂದ 1989ರಾಗ ಗೊತ್ತಾತು. ಬೋಟ್ಚೆರಿಸ್ಕಾ ಪೆರೆಗ್ರೀನಾ ಅನ್ನೂ ಮಾಂಸದ ನೊಣ, ಇದು ಬ್ಲೋ ಫ್ಲೈ ಅಲ್ಲ, ಅದರ ಬೀಗರ ಪೈಕಿ, ತತ್ತಿ ಇಡದ ಸೀದಾ ಹುಳಾನ ಹಾಕೂ ಜಾತಿ. ದೊಡ್ಡ ಡೋಸಿನ ಲಿವರ್ ತಿಂದ ಹುಳ 36ನೇ ಗಂಟಿಯಿಂದ 76ನೇ ಗಂಟಿ ತನಕ ಉಳದವಕ್ಕಿಂತ ಜೋರಾಗಿ ಬೆಳದ್ವು. ಇದ್ರಾಗ ವಿಚಿತ್ರ ಏನಪಾ ಅಂದ್ರ, ಕೋಕಾ ಗಿಡ ಕೊಕೇನ್ ಮಾಡ್ಕೊಳ್ಳೂದ ತನ್ನ ಎಲಿ ತಿನ್ನೂ ಹುಳಾ ಓಡಸಾಕ, ಹುಳದ ನರದಾಗಿನ ಆಕ್ಟೊಪಮೈನ್ ಅನ್ನೂ ರಾಸಾಯನಿಕದ ಓಡಾಟಾನ ಅದು ಕೆಡಸ್ತೈತಿ ಅಂತ 1993ರಾಗ ತೋರ್ಸಿದ್ರು. ಎಲಿ ತಿನ್ನೂ ಹುಳಕ್ಕ ವಿಷ ಆಗೂ ವಸ್ತು ಹೆಣ ತಿನ್ನೂ ಹುಳಕ್ಕ ಟಾನಿಕ್ ಆದಂಗ ಕಾಣ್ತೈತಿ, ಅಂದ್ರ ಡೋಸು, ಜಾತಿ, ವಯಸ್ಸು ಇವೆಲ್ಲಾ ಬಿಟ್ಟು ‘ಕೊಕೇನ್ ಹುಳಕ್ಕ ಹಿಂಗ ಮಾಡ್ತೈತಿ’ ಅಂತ ಒಂದ ಸಾಲಿನ್ಯಾಗ ಹೇಳಾಕ ಬರಂಗಿಲ್ಲ.

ಹೆರಾಯಿನ್ ಇನ್ನೂ ಚಮತ್ಕಾರದ್ದು. ಅದ ನೊಣದ ಹುಳ ಲಗೂ ಬೆಳದು ದಪ್ಪನೂ ಆದ್ವು, ಕೋಶದೊಳಗ ಹೋದ ಮ್ಯಾಲ ಮಾತ್ರ ಉಲ್ಟಾ, ನೊಣ ಆಗಿ ಹೊರಗ ಬರಾಕ ತಡಾ ಮಾಡಿದ್ವು. ಹುಳ ನೋಡಿ ಲೆಕ್ಕ ಹಾಕಿದ್ರ 29 ಗಂಟಿ ತನಕ ತಪ್ಪಬಹುದು, ಕೋಶ ನೋಡಿ ಹಾಕಿದ್ರ 18ರಿಂದ 38 ಗಂಟಿ ತಪ್ಪಬಹುದು ಅಂತ 1991ರ ಆ ಕೆಲಸದಾಗ ಬಂತು. ಮ್ಯಾಲಿನ ಲೆಕ್ಕಕ್ಕ ಹಚ್ಚಿ ನೋಡ್ರಿ, 71 ಗಂಟಿಯಾಗ ಬೆಳದ ಹುಳಕ್ಕ ನಾವು 100 ಗಂಟಿ ಅಂತ ಬರೀತೀವಿ. ಆರೋಪಿ ಶನಿವಾರ ರಾತ್ರಿ ನಾ ಬೆಂಗಳೂರಾಗಿದ್ದೆ ಅಂತ ಬಸ್ ಟಿಕೆಟ್ ತೋರ್ಸಿದ್ರ, 29 ಗಂಟಿ ಅನ್ನೂದು ಅವನ್ನ ಜೈಲಿಗೆ ಕಳಸೂದು ಇಲ್ಲಾ ಮನಿಗೆ ಕಳಸೂದು ಎರಡೂ ಮಾಡಬಹುದು.

ಆಮ್ಯಾಲ ಫ್ರಾನ್ಸಿನ್ಯಾಗ ಬುರೆಲ್ ಅನ್ನವ್ರ ತಂಡ 1999ರಾಗ ಮಾರ್ಫಿನ್ ಕೊಟ್ಟ ಮೊಲದ ಮ್ಯಾಲ ಲುಸಿಲಿಯಾ ಸೆರಿಕಾಟಾ ಬಿಟ್ಟು ನೋಡಿದ್ರ ಅಲ್ಲಿ ಹುಳ ನಿಧಾನ ಆದ್ವು, ಒಂದ್ ದಿನದಷ್ಟ ತಪ್ಪು ಬರಬಹುದು ಅಂದ್ರು, ಅದೂ ಉಲ್ಟಾ ದಿಕ್ಕಿನ್ಯಾಗ. ಆಸ್ಟ್ರೇಲಿಯಾದಾಗ ಕ್ಯಾಲಿಫೊರಾ ಸ್ಟಿಜಿಯಾ ಅನ್ನೂ ನೊಣಕ್ಕ ಮಾರ್ಫಿನ್ ಹಾಕಿದ ಮಾಂಸ ತಿನಸಿದ್ರ ಹೇಳೂಹಂಥಾ ಫರಕ ಏನೂ ಬರ್ಲಿಲ್ಲ. ಒಂದ ಔಷಧ, ಮೂರು ನೊಣ, ಮೂರು ಉತ್ತರ. ಓದಿದವ್ರು ಇಲ್ಲೇ ತಲಿ ಕೆಡಿಸ್ಕೋತಾರ, ನನಗ ಮಾತ್ರ ಇದ್ರಾಗ ಆಶ್ಚರ್ಯ ಇಲ್ಲ, ಯಾಕಂದ್ರ ನೊಣ ಅನ್ನೂದು ಒಂದ ಪ್ರಾಣಿ ಅಲ್ಲ, ಒಂದೊಂದ್ ಜಾತಿಗೆ ಒಂದೊಂದ್ ಮೈ. ಮ್ಯಾಲ ಹಳೇ ಪ್ರಯೋಗದಾಗ ಮೊಲ ಬೆರಳಲೆ ಎಣಸುವಷ್ಟ ಇರ್ತಾವ, ಒಂದ ಲಿವರ್ ಮ್ಯಾಲ ನೂರ್ ಹುಳ ಬಿಟ್ಟು ನೂರ್ ಲೆಕ್ಕ ಅಂತ ಬರಕೊಂಡ್ರ ಅದು ನೂರ್ ಸಾಕ್ಷಿ ಅಲ್ಲ, ಒಂದ ತಾಟಿನ್ಯಾಗ ಉಂಡ ಒಂದ್ ಗುಂಪು ಅಷ್ಟ.

ಡ್ರಗ್ಸ್ ಅಂದ್ರ ಮಂದಿಗೆ ಕೊಕೇನು ಗಾಂಜಾ ನೆನಪಾಗ್ತೈತಿ, ಮೆಡಿಕಲ್ ಅಂಗಡ್ಯಾಗ ಸಿಗೂವೂ ಕಮ್ಮಿ ಇಲ್ಲ. ಅಮಿಟ್ರಿಪ್ಟಿಲಿನ್ ಅಂತ ಖಿನ್ನತಿಗೆ, ನರದ ನೋವಿಗೆ ಕೊಡೂ ಗುಳಿಗಿ, ಅದು ಹುಳಾನ ನಿಧಾನ ಮಾಡಿ 77 ಗಂಟಿ ತನಕ ಲೆಕ್ಕ ತಪ್ಪಸಬಹುದು ಅಂತ ಗಾಫ್ ತಂಡಾನ ತೋರ್ಸೇತಿ, ಮೂರ್ ದಿನಾ ಆತಲ್ಲ. ಡಯಾಜೆಪಾಮ್, ನಿದ್ದಿ ಆತಂಕಕ್ಕ ಕೊಡೂದು, ಬ್ರೆಜಿಲ್ಲಿನ್ಯಾಗ ನಮ್ಮ ಕ್ರೈಸೊಮಿಯಾ ಕುಲದ್ದ ಎರಡು ಜಾತಿ ಹುಳಾನ ಲಗೂ ಬೆಳಸ್ತು. ಪ್ಯಾರಾಸಿಟಮಾಲ್ ಕೂಡ ಸ್ವಲ್ಪ ಲಗೂ ಬೆಳಸ್ತೈತಿ.

ಈ ವಿಷಯದಾಗ ನನಗ ಭಾಳ ಹಿಡಿಸಿದ ಕೇಸ್ ಅಮೆರಿಕಾದ ಸ್ಪೊಕೇನ್ ಊರ ಹತ್ರದ್ದು, 1988ರದು. ಪೈನ್ ಗಿಡದ ಕಾಡಿನ್ಯಾಗ ಇಪ್ಪತ್ತರ ಆಸುಪಾಸಿನ ಹುಡಗಿ ಹೆಣ ಸಿಕ್ತು. ಆರಿಸಿದ ಹುಳದಾಗ ಬಹುತೇಕ ಎಲ್ಲಾ 6ರಿಂದ 9 ಮಿಲಿಮೀಟರ್ ಉದ್ದ, ಲೆಕ್ಕ ಹಾಕಿದ್ರ ಏಳ್ ದಿನ. ಒಂದ್ ಹುಳ ಮಾತ್ರ 17.7 ಮಿಲಿಮೀಟರ್, ಅದನ್ನ ನಂಬಿದ್ರ ಮೂರ್ ವಾರ. ಬ್ಯಾರೆ ಎಲ್ಲಿಂದರ ಹರದು ಬಂದಿರಬಹುದಾ ಅಂತ ನೋಡಿದ್ರು, ಹೊಂದಲಿಲ್ಲ. ಕೊನಿಗೆ ಗೊತ್ತಾದದ್ದು, ಹುಡಗಿ ಸಾಯೂ ಸ್ವಲ್ಪ ಮೊದ್ಲ ಕೊಕೇನ್ ಮೂಗಿನಿಂದ ಏರಿಸಿದ್ಲು, ಆ ದೊಡ್ಡ ಹುಳ ಬೆಳದದ್ದು ಮೂಗಿನ್ಯಾಗ, ಪುಡಿ ಮೆತ್ತಿಕೊಂಡ ಜಾಗದಾಗ. ಉಳದವು ಬ್ಯಾರೆ ಕಡೆ ತಿಂದಿದ್ವು. ಅಂದ್ರ ಔಷಧ ಮೈ ತುಂಬ ಒಂದ ಸಮ ಇರಂಗಿಲ್ಲ, ಲಿವರಿನ್ಯಾಗ ಒಂದಷ್ಟು, ಹೊಟ್ಟಿಯಾಗ ಒಂದಷ್ಟು, ಕಾಲಿನ ಖಂಡದಾಗ ಇನ್ನೊಂದಷ್ಟು, ಹುಳಾ ಎಲ್ಲಿಂದ ಆರಿಸಿದ್ರಿ ಅಂತ ಬರೀದಿದ್ರ ಮುಂದಿನ ಲೆಕ್ಕ ಎಲ್ಲಾ ದಂಡ. ಎಲ್ಲಕ್ಕಿಂತ ದೊಡ್ಡ ಹುಳಾನ ಎಲ್ಲಕ್ಕಿಂತ ಹಳೇದು ಅಂತ ಹಿಡಿಯೂ ರೂಢಿ ಐತಿ, ಆ ರೂಢಿನ ಇಲ್ಲಿ ಎರಡ್ ವಾರ ತಪ್ಪಿಸ್ತಿತ್ತು.

ನಮ್ಮ ಕಡೆ ಮಾತಿಗೆ ಬಂದ್ರ ಕೊಕೇನು ದೂರದ್ದು, ಹೊಲಕ್ಕ ಹೊಡಿಯೂ ಎಣ್ಣಿ ಹತ್ರದ್ದು. ಬ್ಯಾಡಗಿ ಮೆಣಸಿನಕಾಯಿ ಇರ್ಲಿ, ಹಾವೇರಿ ಗದಗಿನ ಹತ್ತಿ ಇರ್ಲಿ, ಎಣ್ಣಿ ಡಬ್ಬಿ ಇಲ್ಲದ ರೈತರ ಮನಿ ಅಪರೂಪ. ಇದ್ರಾಗ ಭಾಳ ಕಾಲ ನಡದದ್ದು ಆರ್ಗನೊಫಾಸ್ಫೇಟ್ ಜಾತಿ, ನರದ ಸಂದೇಶ ಮುಗಿಸೂ ಕೊಲಿನೆಸ್ಟರೇಸ್ ಅನ್ನೂ ಕಿಣ್ವಾನ ಅದು ಕಟ್ಟಿ ಹಾಕ್ತೈತಿ, ಮನಶ್ಯಾಗೂ ಅದ, ನೊಣಕ್ಕೂ ಅದ. ಹಂಗಿದ್ದ ಮ್ಯಾಲ ಎಣ್ಣಿ ಒಳಗ ಹೋಗಿ ಸತ್ತವನ ಹೆಣಕ್ಕ ನೊಣ ಏನ್ ಮಾಡ್ತೈತಿ? ಹವಾಯಿಯ ಹೊನಲುಲು ಊರಾಗ ಇಂಥಾದ್ದೊಂದು ಕೇಸ್ ಆತು, 58 ವರ್ಷದವ, ಮನಿ ಕೆಳಗಿನ ಸಂದಿಯಾಗ ಸಿಕ್ಕ, ಹತ್ರ ಮೆಲಾಥಿಯಾನ್ ಅನ್ನೂ ಇದ ಜಾತಿ ಎಣ್ಣಿ ಬಾಟ್ಲಿ ಇತ್ತು. ಸಿಕ್ಕ ಹುಳ ಯಾವು ಅಂದ್ರ ನಮ್ಮವ, ಮೆಗಾಸೆಫಾಲಾ ಮತ್ತ ರುಫಿಫೇಸಿಸ್. ಹುಳದ ಲೆಕ್ಕ ಐದು ದಿನ ಅಂತು, ಮಂದಿ ಅವನ್ನ ಕಡೀಕ ನೋಡಿದ್ದು ಎಂಟು ದಿನದ ಹಿಂದ. ಬಾಯಿ ಮೂಗಿನ ಹತ್ರ ಎಣ್ಣಿ ಇದ್ರ ನೊಣ ಮೊದಲಿಗೆ ತತ್ತಿ ಇಡೂದ ಹಿಂದ ಮುಂದ ನೋಡ್ತೈತಿ, ಆ ತಡಾನ ಫರಕಕ್ಕ ಕಾರಣ ಅಂತ ತಿಳಿದ್ರು. ಹುಳದ ಮೈಯಾಗ ಮೆಲಾಥಿಯಾನ್ ಸಿಕ್ತು, ಸಿಕ್ರೂ ಹುಳ ಬದುಕಿದ್ವು.

ಈ ಬದುಕಿದ್ವು ಅನ್ನೂದು ಸಣ್ಣ ಮಾತಲ್ಲ. ನೂರ್ ಹುಳದಾಗ ವಿಷ ತಾಳಲಾರದ್ದು ಸತ್ತು ಹೋಗ್ತಾವ, ನಮ್ಮ ಡಬ್ಬಿಗೆ ಬರೂದು ತಾಳಿದವು ಮಾತ್ರ, ನಾವು ಅವನ್ನ ನೋಡಿ ಇಡೀ ಗುಂಪಿನ ಕತಿ ಬರೀತೀವಿ. ಆಸ್ಟ್ರೇಲಿಯಾದಾಗ ಕುರಿ ಮೈಗೆ ಹತ್ತೂ ಲುಸಿಲಿಯಾ ಕುಪ್ರಿನಾ ನೊಣ 1950ರ ದಶಕದಾಗ ಡೈಎಲ್ಡ್ರಿನ್ನಿಗೆ, 1960ರ ದಶಕದಾಗ ಡಯಾಜಿನಾನಿಗೆ, ಎರಡೂ ಹುಳಾ ಕೊಲ್ಲೂ ಔಷಧ, ಜಗ್ಗದಂಗ ಆದ್ವು, ಅಂದ್ರ ಔಷಧ ಸತತ ಬಿದ್ದ ಕಡೆ ನೊಣದ ತಳಿನ ಬದಲಾಗ್ತೈತಿ. ವರ್ಷಾನುಗಟ್ಲೆ ಎಣ್ಣಿ ಹೊಡದ ಹತ್ತಿ ಹೊಲದ ಸೀಮಿ ನೊಣಕ್ಕ ಹವಾಯಿ ಲ್ಯಾಬಿನ ಬೆಳವಣಗಿ ಪಟ್ಟಿ ಹಚ್ಚಿ ಲೆಕ್ಕ ಹಾಕೂದು ನನಗಂತೂ ಸರಿ ಅನಸೂದಿಲ್ಲ. ಇಲ್ಲಿ ನೊಣ ಹಿಡದು, ಇಲ್ಲೇ ಸಾಕಿ, ಇಲ್ಲಿ ಸೆಕಿ ಥಂಡಿಯಾಗ ಅಳೀಬೇಕು.

ಇನ್ನೊಂದ್ ಕಿತಾಪತಿ ಐತಿ. ರುಫಿಫೇಸಿಸ್ ಹುಳ, ಮೈತುಂಬ ಮುಳ್ಳಿನಂಥಾ ಗುಬಟಿ ಇರೂದು, ಬರೇ ಹೆಣ ತಿನ್ನಂಗಿಲ್ಲ, ಬ್ಯಾರೆ ಹುಳಾನೂ ತಿಂತೈತಿ. ಮೊದ್ಲ ಬಂದ ಮೆಗಾಸೆಫಾಲಾ ಹುಳ ಔಷಧದಿಂದ ನಿಧಾನ ಆಗಿದ್ರ, ಹಿಂದಿಂದ ಬಂದ ಇದರ ಬಾಯಿಗೆ ಸುಲಭ ತುತ್ತು. ಮೊದಲಿನ ದಿನದ ಸಾಕ್ಷಿ ಎರಡನೇ ಸಾಕ್ಷಿ ಹೊಟ್ಟಿಯಾಗ ಹೋದಂಗ.

ಹಂಗಂತ ಔಷಧ ಹುಳದಾಗ ಹೋಗೂದು ಬರೇ ತೊಂದ್ರಿ ಅಲ್ಲ, ಉಪಕಾರಾನೂ ಐತಿ. ಹೆಣ ಪೂರಾ ಕರಗಿ ರಕ್ತ, ಮೂತ್ರ, ಲಿವರ್ ಏನೂ ಉಳೀದ ಇದ್ದಾಗ ಸತ್ತವ ಏನ್ ತಗೊಂಡಿದ್ದ ಅಂತ ಹುಳಾನ ಅರದು ನೋಡಬಹುದು. 1980ರಾಗ ಅಮೆರಿಕಾದಾಗ ಎಲುಬು ಮಾತ್ರ ಉಳದ ಒಬ್ಬಾಕಿ ಹೆಣದ ಹುಳದಾಗ ಫಿನೊಬಾರ್ಬಿಟಾಲ್ ಅನ್ನೂ ಫಿಟ್ಸಿನ ಔಷಧ ಸಿಕ್ತು, ಈ ಸಾಲಿನ್ಯಾಗ ಮೊದಲ್ನೇ ಕೇಸ್ ಅಂದ್ರ ಅದ. ಆದ್ರ ಹುಳದಾಗ ಇಷ್ಟ್ ಸಿಕ್ತು ಅಂದ್ರ ಮನಶ್ಯಾ ಅಷ್ಟ್ ತಗೊಂಡಿದ್ದ ಅಂತ ಲೆಕ್ಕ ಹಾಕಾಕ ಹೋಗಬಾರ್ದು. ಹುಳ ತಿನ್ನೂ ತನಕ ಮೈಯಾಗ ಔಷಧ ಇರ್ತೈತಿ, ತಿನ್ನೂದು ನಿಲ್ಲಿಸಿದ ಮ್ಯಾಲ ಮಾಲ್ಪೀಜಿ ನಾಳ ಅನ್ನೂ ಅದರ ಕಿಡ್ನಿಯಂಥಾದ್ದು ಎಲ್ಲಾ ಹೊರಗ ಹಾಕ್ತೈತಿ, ಕೋಶ ಆಗೂದ್ರಾಗ ಭಾಳ ಕಮ್ಮಿ ಉಳೀತೈತಿ. ಇತ್ತು ಅಂತ ಹೇಳಬಹುದು, ಎಷ್ಟಿತ್ತು ಅಂತ ಹೇಳಾಕ ಬರಂಗಿಲ್ಲ, ಸಿಗ್ಲಿಲ್ಲ ಅಂದ್ರ ಇರ್ಲೇ ಇಲ್ಲ ಅಂತಾನೂ ಅಲ್ಲ. ಸಣ್ಣಗ ಉಳದದ್ದು ಖಾಲಿ ಕೋಶದ ಚಿಪ್ಪಿನ್ಯಾಗ ಅಂಟ್ಕೊಂಡು ಇರ್ತೈತಿ, ಆ ಚಿಪ್ಪು ಮಣ್ಣಾಗ ವರ್ಷಗಟ್ಲೆ ಕೊಳೀದ ಇರ್ತಾವ.

ಧಾರವಾಡದಾಗ ರಾಷ್ಟ್ರೀಯ ಫೊರೆನ್ಸಿಕ್ ಸೈನ್ಸಸ್ ಯುನಿವರ್ಸಿಟಿ ಕ್ಯಾಂಪಸ್ಸಿಗೆ 2023ರ ಜನವರಿ 28ಕ್ಕ ಅಡಿಗಲ್ಲ ಬಿತ್ತು, ಹುಳದ ಪಂಡಿತ್ರು ಕೃಷಿ ವಿಶ್ವವಿದ್ಯಾಲಯದಾಗ ಮೊದಲಿಂದನೂ ಅದಾರ. 2024ರ ಜುಲೈ 1ರಿಂದ ಬಂದ, ಕ್ರಿಮಿನಲ್ ಕೇಸಿನ ತನಿಖಾ ಹೆಂಗ ನಡೀಬೇಕು ಅಂತ ಹೇಳೂ ಬಿಎನ್‌ಎಸ್‌ಎಸ್ ಕಾಯ್ದೆ ಏಳ್ ವರ್ಷ ಅಥವಾ ಹೆಚ್ಚಿನ ಶಿಕ್ಷೆ ಇರೂ ಅಪರಾಧದ ಜಾಗಕ್ಕ ಫೊರೆನ್ಸಿಕ್ ತಜ್ಞರು ಹೋಗಬೇಕು ಅಂತೈತಿ, ಜಾರಿ ಮಾಡಾಕ ರಾಜ್ಯಗಳಿಗೆ ಐದ್ ವರ್ಷ ಟೈಮ್ ಕೊಟ್ಟಾರ. ಹೋದವ್ರು ಹುಳಾನ ಆರಿಸಿ ಮೂರು ಪಾಲು ಮಾಡಬೇಕು. ಒಂದ್ ಪಾಲು ಕುದಿಯೂ ನೀರಿನಂಥಾ ಬಿಸಿ ನೀರಾಗ ಅರ್ಧ ನಿಮಿಷ ಅದ್ದಿ ಆಮ್ಯಾಲ ಆಲ್ಕೊಹಾಲಿನ್ಯಾಗ, ಸೀದಾ ಆಲ್ಕೊಹಾಲಿಗೆ ಹಾಕಿದ್ರ ಹುಳ ಕುಗ್ಗಿ ಕಪ್ಪಾಗಿ ಉದ್ದದ ಲೆಕ್ಕ ಕೆಡ್ತೈತಿ. ಎರಡನೇ ಪಾಲು ಜೀವಂತ, ಸಾಕಿ ನೊಣ ಮಾಡಿ ಜಾತಿ ಗುರ್ತ ಹಿಡಿಯಾಕ. ಮೂರನೇದು ಏನೂ ಹಾಕದ ಫ್ರೀಜರಿಗೆ, ಔಷಧ ಹುಡುಕಾಕ. ಈ ಮೂರನೇದು ಬಿಟ್ಟ ಹೋಗೂದು ಜಾಸ್ತಿ. ಹುಳದ ವರದಿ ಒಂದೆರಡ್ ವಾರದಾಗ ತಯಾರಾಗ್ತೈತಿ, ಒಳಗಿನ ಅಂಗಾಂಗದ ರಾಸಾಯನಿಕ ವರದಿ ತಿಂಗಳುಗಟ್ಲೆ ತಡಾ ಆಗಿ ಬರ್ತೈತಿ, ಅದು ಬಂದಾಗ ಹುಳದ ವರದಿ ಬರದವನ್ನ ಕರದು ಇನ್ನೊಮ್ಮೆ ಲೆಕ್ಕ ಹಾಕು ಅಂತ ಹೇಳೂ ಪದ್ಧತಿ ಇರಬೇಕು. ಇಲ್ಲಾಂದ್ರ ಕೋರ್ಟಿನ್ಯಾಗ ಎದುರಿನ ವಕೀಲ ಕೇಳ್ತಾನ, ಸತ್ತವ ಏನ್ ತಗೊಂಡಿದ್ದ ಅಂತ ಗೊತ್ತಿಲ್ಲದ ಐದು ದಿನ ಅಂತ ಹೆಂಗ ಬರದ್ರಿ ಅಂತ, ಕೇಳೂದು ಬರೋಬ್ಬರಿನೂ ಐತಿ.